ಇಳಕಲ್ಲಿನ ಅಜ್ಜಿಯ ಎಡಗೈ

"ಊಟಕ್ಕಾಗಿ ಕೈ ಚಾಚುತ್ತಾರೆ, ಕೊಟ್ಟರೆ ಎಸೆಯುತ್ತಾರೆ." ಇಳಕಲ್ಲಿನ ಅಜ್ಜಿಯ ಬಗ್ಗೆ ನನ್ನ ನಮೂನೆಯ ಹಾಳೆಯಲ್ಲಿ ನಾನು ಬರೆದ ವಾಕ್ಯ ಇದು. ಬರೆದು, ಕೆಳಗೊಂದು ಗೆರೆ ಎಳೆದು, ಇನ್ನೊಮ್ಮೆ ಓದಿಕೊಂಡು, ಎಷ್ಟು ಚೊಕ್ಕವಾಗಿ ಬಂತಲ್ಲ ಎಂದು ಹಿಗ್ಗಿದ್ದೆ. ಆ ಹಿಗ್ಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನಾನು ಬಾಗಲಕೋಟೆಯಲ್ಲಿ ನರ್ಸಿಂಗ್ ಕಲಿಸುವವಳು. ಮನೆ ನವನಗರದಲ್ಲಿ. ಹದಿನೆಂಟು ವರ್ಷ ಹುಡುಗಿಯರಿಗೆ ನಾಡಿ ಹಿಡಿಯುವುದು, ಸೂಜಿ ಚುಚ್ಚುವುದು, ಹಾಸಿಗೆ ಹುಣ್ಣು ತೊಳೆಯುವುದು ಹೇಳಿಕೊಟ್ಟ ಮೇಲೆ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಂಡಾಗ, ನನಗೂ ಪಿಎಚ್‌ಡಿ ಮಾಡುವ ಹುಕಿ ಹುಟ್ಟಿತು. ವೃದ್ಧಾಶ್ರಮದಲ್ಲಿ ಇರುವವರ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ನನ್ನ ವಿಷಯ. ಅವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ರೀತಿಯನ್ನು ಸುಧಾರಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ. ಸುಧಾರಿಸುವುದು ಎಂಬ ಶಬ್ದದ ಮೇಲೆ ಆಗ ನನಗೆ ಬಹಳ ಪ್ರೀತಿ ಇತ್ತು.

ನಾನು ಆರಿಸಿಕೊಂಡ ಆಶ್ರಮ ಬಾದಾಮಿಗೆ ನಾಲ್ಕೈದು ಕಿಲೋಮೀಟರು ಇರುವಾಗ ಬರುತ್ತದೆ. ಬಸ್ಸಿನಿಂದ ಇಳಿದು ಕೆಂಪು ಗುಡ್ಡದ ಕಡೆಗೆ ಹತ್ತು ನಿಮಿಷ ನಡೆಯಬೇಕು. ಮೂವತ್ತರ ಒಳಗೆ ಮಂದಿ. ಕಟ್ಟಡ ಚೊಕ್ಕಟ, ಊಟ ಚೊಕ್ಕಟ, ನೋಡಿಕೊಳ್ಳುವವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವೃದ್ಧಾಶ್ರಮ ಎಂದ ಕೂಡಲೇ ಓದುವವರು ಅಲ್ಲಿಯವರನ್ನು ಕಟುಕರೆಂದು ತಿಳಿಯುತ್ತಾರೆ. ಅಲ್ಲಿ ಯಾರೂ ಕಟುಕರಿರಲಿಲ್ಲ. ಅದಕ್ಕೇ ಆದದ್ದನ್ನು ನೆನೆದರೆ ಇನ್ನೂ ಹೆದರಿಕೆಯಾಗುತ್ತದೆ.

ನನ್ನ ಕೆಲಸ ಹೀಗಿತ್ತು. ಬೆಳಿಗ್ಗೆ ಕಾಲೇಜಿನಲ್ಲಿ ಒಂದು ಪಾಠ ಮುಗಿಸಿ ಬಸ್ಸು ಹತ್ತಿದರೆ ಹನ್ನೊಂದೂವರೆಗೆ ಆಶ್ರಮ. ಒಬ್ಬೊಬ್ಬರ ಮುಂದೆ ಕೂತು ನಮೂನೆಯ ಪ್ರಶ್ನೆಗಳನ್ನು ಕೇಳುವುದು. ಇವತ್ತು ಯಾವ ವಾರ? ಇದು ಯಾವ ಊರು? ನಿಮ್ಮ ಮನೆ ಎಲ್ಲಿ? ಉತ್ತರಕ್ಕೆ ಅಂಕ ಕೊಡುವುದು. ಆಮೇಲೆ ಅವರ ನಡವಳಿಕೆ ನೋಡಿ ಇನ್ನೊಂದು ಹಾಳೆ ತುಂಬುವುದು. ಹಳೆಯ ಬಾಗಲಕೋಟೆಯ ಒಬ್ಬ ಮುತ್ಯಾ, ಮನೆ ಎಲ್ಲಿ ಎಂದು ಕೇಳಿದ್ದಕ್ಕೆ, ಓಣಿ, ಓಣಿಯ ಬಾವಿ, ಬಾವಿಯ ಎದುರಿನ ಹಿಟ್ಟಿನ ಗಿರಣಿ ಎಲ್ಲ ಹೇಳಿದ. ಆ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಎಷ್ಟು ವರ್ಷವಾಯಿತು! ನಾನು ಸೊನ್ನೆ ಕೊಟ್ಟೆ. ನನ್ನ ಅಪ್ಪನ ಮನೆಯೂ ಅದೇ ನೀರಿನ ಕೆಳಗಿದೆ, ಆದರೂ ಕೊಟ್ಟೆ. ನಮೂನೆಯಲ್ಲಿ "ಸರಿ", "ತಪ್ಪು" ಎಂಬ ಎರಡೇ ಮನೆಗಳಿದ್ದವು. ನಾನು ಯಾವಾಗಲೂ ಇದ್ದ ಮನೆಗಳನ್ನು ತುಂಬುವ ಜಾಣೆ.

ಇಳಕಲ್ಲಿನ ಅಜ್ಜಿ ಬಂದು ಆಗ ನಾಲ್ಕು ತಿಂಗಳಾಗಿತ್ತು. ಎಂಬತ್ತರ ಹತ್ತಿರದ ಜೀವ. ಸೀರೆ ನೇಯುವ ಮನೆತನ. ಆಶ್ರಮದ ನೈಟಿ ಹಾಕಿಕೊಳ್ಳಲು ಒಲ್ಲೆನೆಂದು, ಕೆಂಪು ಸೆರಗಿನ ಇಳಕಲ್ ಸೀರೆಯಲ್ಲೇ ಇರುತ್ತಿದ್ದಳು. ಮಾತು ಹೆಚ್ಚು ಕಡಿಮೆ ಹೋಗಿತ್ತು. ಮಗಳ ಗುರುತೂ ಒಮ್ಮೊಮ್ಮೆ ಹತ್ತುತ್ತಿರಲಿಲ್ಲ. ಮಗಳು ಹುನಗುಂದದಲ್ಲಿ ಸಾಲಿ ಕಲಿಸುವಾಕೆ. ತಾಯಿ ಎರಡು ಸಲ ಮನೆ ಬಿಟ್ಟು ಹೆದ್ದಾರಿಯ ತನಕ ನಡೆದುಹೋದ ಮೇಲೆ, ಅತ್ತು ಕರೆದು, ಇಲ್ಲಿಗೆ ತಂದಿದ್ದಳು. ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದಳು.

ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಕೆ ಗುಡೂರಿನವಳು. ನಲವತ್ತರ ಗಟ್ಟಿ ಹೆಂಗಸು. ಮನೆಯಲ್ಲಿ ಕುರಿ, ಮನೆದೇವರು ಬೀರಪ್ಪ. ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಇಲ್ಲದೆ ಆಕೆಯನ್ನು ನಾನು ನೋಡಿಲ್ಲ. ನರ್ಸಿಂಗ್ ಓದಿದವಳಲ್ಲ. ಆದರೆ ಮುದುಕರನ್ನು ಎತ್ತಿ ಮಗ್ಗುಲು ಬದಲಿಸುವುದನ್ನು ಆಕೆಯಿಂದ ನನ್ನ ವಿದ್ಯಾರ್ಥಿನಿಯರು ಕಲಿಯಬೇಕು. ನನ್ನನ್ನು "ಅಕ್ಕೋರ" ಎಂದು ಕರೆಯುತ್ತಿದ್ದಳು, ಸಾಲಿ ಅಕ್ಕೋರನ್ನು ಕರೆಯುವ ಹಾಗೆ. ನಾನು ಏನು ಹೇಳಿದರೂ "ಹೂಂ ರೀ" ಅನ್ನುವಳು. ಆ ಹೂಂ ಕೇಳಿ ಕೇಳಿ ನನಗೆ ಕೊಬ್ಬು ಬಂದಿತ್ತು.

ಮಾರ್ಚ್ ತಿಂಗಳಿನಲ್ಲಿ ಒಂದು ಸಣ್ಣ ಅವಘಡ ಆಯಿತು. ಆಶ್ರಮದವರು ಎಲ್ಲರ ಕೊರಳಿಗೂ ಗುರುತಿನ ಚೀಟಿಯ ದಾರ ಹಾಕಿದ್ದರು. ಒಬ್ಬ ಮುತ್ಯಾನ ದಾರ ಮಂಚದ ಕಂಬಿಗೆ ಸಿಕ್ಕಿಕೊಂಡು, ಆತ ಒದ್ದಾಡುವಷ್ಟರಲ್ಲಿ ಯಾರೋ ನೋಡಿ ಬಿಡಿಸಿದರು. ಕೊರಳ ಮೇಲೆ ಕೆಂಪು ಗೆರೆ ಎದ್ದಿತ್ತು, ಮತ್ತೇನೂ ಆಗಲಿಲ್ಲ. ಮೇಲ್ವಿಚಾರಕಿ ಗಾಬರಿಯಾಗಿ ನನ್ನನ್ನು ಕೇಳಿದರು, "ಏನ ಮಾಡೂಣ್ರಿ ಮೇಡಂ?" ನನ್ನನ್ನು ಯಾರಾದರೂ ಏನು ಮಾಡೋಣ ಎಂದು ಕೇಳಿದರೆ ನಾನು ಹಾಳೆ ತೆಗೆಯುವವಳು. ಅಲ್ಲೇ ಕೂತು ಸುರಕ್ಷತೆಯ ಪಟ್ಟಿ ಬರೆದೆ. ಅದರಲ್ಲಿ ಮೂರನೆಯದು: ಕೊರಳಲ್ಲಿ, ತೋಳಲ್ಲಿ, ಮೈಮೇಲೆ ದಾರ, ಸರ, ತಾಯತ ಏನೂ ಇರಕೂಡದು, ತೆಗೆದು, ಹೆಸರು ಬರೆದ ಲಕೋಟೆಯಲ್ಲಿ ಹಾಕಿ, ಕಪಾಟಿನಲ್ಲಿ ಇಡತಕ್ಕದ್ದು. ಕೆಳಗೆ ನನ್ನ ಸಹಿ. ಅದನ್ನು ಪ್ಲಾಸ್ಟಿಕ್ ಹಾಳೆ ಹಾಕಿಸಿ ಗೋಡೆಗೆ ಅಂಟಿಸಿದರು. ನಾನು ಅದರ ಫೋಟೊ ತೆಗೆದು ನನ್ನ ಮಾರ್ಗದರ್ಶಕರಿಗೆ ಕಳಿಸಿದೆ. ಅವರು ಮೇಲೆತ್ತಿದ ಹೆಬ್ಬೆಟ್ಟಿನ ಚಿತ್ರ ಕಳಿಸಿದರು.

ಅದು ಮಂಗಳವಾರ. ಶುಕ್ರವಾರ ಹೋದಾಗ ಮೇಲ್ವಿಚಾರಕಿ ಹೇಳಿದರು, ಇಳಕಲ್ಲಿನ ಅಜ್ಜಿ ಎರಡು ದಿನದಿಂದ ಉಣ್ಣುತ್ತಿಲ್ಲ. ಮರೆವಿನ ಕಾಯಿಲೆ ಮುಂದುವರಿದಾಗ ಹೀಗೆ ಆಗುತ್ತದೆ; ನುಂಗುವುದನ್ನೇ ಮರೆಯುತ್ತಾರೆ, ಹಸಿವೆಯ ಗುರುತು ಹತ್ತುವುದಿಲ್ಲ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ನಾನು ನೋಡಲು ಕೂತೆ. ಗುಡೂರಿನಾಕೆ ಚಮಚದಲ್ಲಿ ಗಂಜಿ ಹಿಡಿದರೆ ಅಜ್ಜಿ ತುಟಿ ಬಿಗಿದು ಮುಖ ಹೊರಳಿಸುವಳು. ಗಂಜಿಯ ಬಟ್ಟಲು ದೂರ ಇಟ್ಟರೆ ಎಡಗೈ ಚಾಚುವಳು. ಅಂಗೈ ಮೇಲೆ ಮಾಡಿ, ಎದೆಯ ಮಟ್ಟಕ್ಕೆ ಎತ್ತಿ, ಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡು, ಅಂಗೈಯನ್ನೇ ನೋಡುತ್ತಾ ಕೂಡುವಳು. ಬೇಡುತ್ತಿದ್ದಾಳೆ ಎಂದು ತುತ್ತು ಇಟ್ಟರೆ ಥಟ್ಟನೆ ಎಸೆಯುವಳು. ಮತ್ತೆ ಕೈ ಚಾಚುವಳು. ಆವತ್ತೇ ನಾನು ಆ ಚೊಕ್ಕ ವಾಕ್ಯ ಬರೆದದ್ದು.

ಇನ್ನೊಂದು ವಾಕ್ಯವನ್ನೂ ಬರೆದೆ. ಆವತ್ತು ಸಲೈನ್ ಹಾಕಲು ಎಡಗೈ ಹಿಡಿದರೆ ಅಜ್ಜಿ ಕಚ್ಚಲು ಬಂದಳು. ಬಲಗೈ ಹಿಡಿದರೆ ಸುಮ್ಮನೆ ಕೊಟ್ಟಳು; ಆಮೇಲೆ ದಿನಾ ಆ ಕೈಗೇ ಸಲೈನ್ ಹಾಕಿದರು. "ಎಡಗೈ ಮುಟ್ಟಿದರೆ ಕಾರಣವಿಲ್ಲದ ಸಿಟ್ಟು" ಎಂದು ಬರೆದು, ಮೂರು ಅಂಕ ಹಾಕಿದೆ. ಮೂರು ಎಂದರೆ ತೀವ್ರ.

ಸೋಮವಾರ ಬಾಗಲಕೋಟೆಯಿಂದ ವೈದ್ಯರು ಬಂದು ನೋಡಿದರು. ಅವರು ನನ್ನ ಹಾಳೆಯನ್ನೂ ಓದಿದರು. ಬುಧವಾರದ ಒಳಗೆ ಉಣ್ಣದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವುದು, ಕಿತ್ತುಕೊಳ್ಳದಂತೆ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟುವುದು ಎಂದು ಬರೆದರು. ಕೈ ಕಟ್ಟುವ ಮಾತು ಓದಿ ನನಗೆ ತುಸು ಕಸಿವಿಸಿಯಾಯಿತು. ನನ್ನ ಸಂಶೋಧನೆ ಇಂಥದ್ದನ್ನು ತಪ್ಪಿಸಲಿಕ್ಕೆ ಇದ್ದದ್ದು. ಆ ವಯಸ್ಸಿನಲ್ಲಿ ನಳಿಗೆ ಇಳಿಸಿಕೊಂಡು, ಕೈ ಕಟ್ಟಿಸಿಕೊಂಡು ಮಲಗಿದವರು ಆಮೇಲೆ ಎದ್ದು ಕೂಡುವುದು ಕಡಿಮೆ ಎಂಬುದು ದವಾಖಾನಿಯಲ್ಲಿ ದುಡಿದ ಎಲ್ಲರಿಗೂ ಗೊತ್ತು. ಕೊನೆಗೊಂದು ಸಲ ಬೆಳಗಿನಿಂದ ಸಂಜೆಯ ತನಕ ಕೂತು ನೋಡುತ್ತೇನೆ ಎಂದು ಮಂಗಳವಾರ ಕಾಲೇಜಿಗೆ ರಜೆ ಹಾಕಿದೆ.

ನಾನು ಆ ಆಶ್ರಮವನ್ನು ಬೆಳಿಗ್ಗೆ ಎಂಟಕ್ಕೆ ನೋಡಿದ್ದು ಅದೇ ಮೊದಲು. ಗುಡ್ಡದ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಮೀಯಿಸುವುದು, ಬಟ್ಟೆ ಹಿಂಡುವುದು, ಎಲ್ಲ ಕಡೆ ನೀರೇ ನೀರು. ಗುಡೂರಿನಾಕೆ ಅಜ್ಜಿಗೆ ಮೀಯಿಸಿ, ಸೀರೆ ಉಡಿಸಿ, ಮೂಡಣಕ್ಕೆ ಮುಖ ಮಾಡಿಸಿ ಕೂಡಿಸಿದಳು. ಅಜ್ಜಿಯ ಕಣ್ಣು ಒಳಗೆ ಇಳಿದಿದ್ದವು. ಕೂತ ಕೂಡಲೇ ಎಡಗೈ ಮೇಲೆ ಎದ್ದಿತು. ಗುಡೂರಿನಾಕೆ ಅದನ್ನು ನೋಡಿ, ನನ್ನನ್ನು ನೋಡಿ, ತಲೆ ಬಗ್ಗಿಸಿ ಬಕೀಟು ಎತ್ತಿಕೊಂಡು ಹೋಗಿಬಿಟ್ಟಳು.

ನಾನು ನುಚ್ಚು ಮಜ್ಜಿಗೆ ತರಿಸಿದೆ. ಇವತ್ತು ನಾನೇ ಉಣಿಸುತ್ತೇನೆ, ಪ್ರೀತಿಯಿಂದ ಕೊಟ್ಟರೆ ಹೇಗೆ ಉಣ್ಣುವುದಿಲ್ಲ ನೋಡುತ್ತೇನೆ ಎಂಬ ಜಂಬ. "ಉಣ್ಣು ಆಯಿ, ನಿನ್ನ ಕೈಲೇ ಉಣ್ಣು" ಎಂದು ಒಂದು ತುತ್ತು ಕಲಸಿ ಆ ಅಂಗೈ ಮೇಲೆ ಇಟ್ಟೆ.

ಅಜ್ಜಿ ಅಂಗೈ ನೋಡಿದಳು. ನನ್ನನ್ನು ನೋಡಿದಳು. ಆ ಮುಖದಲ್ಲಿ ಮರೆವು ಇರಲಿಲ್ಲ. ಹೇಸಿಕೆ ಇತ್ತು. ಆರು ದಿನ ಉಣ್ಣದ ಆ ತೋಳಿಗೆ ಎಲ್ಲಿಂದ ಬಲ ಬಂತೋ, ತುತ್ತನ್ನು ನನ್ನ ಮುಖಕ್ಕೇ ಅಪ್ಪಳಿಸಿದಳು. ಮಜ್ಜಿಗೆ ನನ್ನ ಕನ್ನಡಕದ ಮೇಲಿಂದ ಇಳಿಯಿತು. ಆಮೇಲೆ ತನ್ನ ಅಂಗೈಯನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದಳು, ಮತ್ತೆ ಒರೆಸಿದಳು, ಚರ್ಮ ಕೆಂಪಾಗುವ ತನಕ ಒರೆಸಿದಳು. ಒರೆಸಿ ಮತ್ತೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಬೇಡುವವರು ಹೀಗೆ ಕೈ ಒರೆಸಿಕೊಳ್ಳುತ್ತಾರೆಯೇ ಎಂದು ಆಗ ಮೊದಲ ಸಲ ಅನಿಸಿತು.

ಕನ್ನಡಕ ತೊಳೆಯಲು ನಲ್ಲಿಗೆ ಹೋದೆ. ಗುಡೂರಿನಾಕೆ ಅಲ್ಲಿ ಬಟ್ಟೆ ಹಿಂಡುತ್ತಿದ್ದಳು. ಆಕೆಯ ಕಣ್ಣಲ್ಲಿ ನೀರಿತ್ತು.

"ಯಾಕವಾ, ಏನಾತು?" ಅಂದೆ.

"ಏನಿಲ್ರೀ ಅಕ್ಕೋರ."

"ಏನಿಲ್ಲ ಅಂದ್ರ ಯಾಕ ಅಳಾಕತ್ತಿ?"

ಆಕೆ ಬಟ್ಟೆಯನ್ನು ಕೆಳಗೆ ಹಾಕಿದಳು. "ನಾಳೆ ಅಕಿ ಕೈ ಕಟ್ಟತಾರಂತಲ್ರೀ. ಕೈ ಕಟ್ಟಿದ್ರ ಇನ್ನ ಯಾವಾಗರೆ ಅಕಿ ಲಿಂಗಪೂಜಿ ಮಾಡೂದು?"

ನಲ್ಲಿ ಸುರಿಯುತ್ತಲೇ ಇತ್ತು. ನಾನು ಕನ್ನಡಕ ಕೈಯಲ್ಲಿ ಹಿಡಿದು ನಿಂತೆ. ಎದುರಿನದೆಲ್ಲ ಮಸುಕು ಮಸುಕು.

"ಏನಂದಿ?"

"ಲಿಂಗ ರೀ. ನಾಕ ತಿಂಗಳಿಂದ ದಿನಾ ನಾನ ನೀರ ಹಾಕತೇನಿ. ಮುಂಜಾನೆ ಮೈ ತೊಳಸಿ ಕುಂದರ್ಸಿದ್ರ ಅಕಿ ಎದಿ ಮ್ಯಾಲಿನ ಗಂಟ ಬಿಚ್ಚಿ, ಎಡಗೈಯಾಗ ಇಟ್ಕೊಂಡು ಪೂಜಿ ಮಾಡ್ತಾಳ. ಅದಾದ ಮ್ಯಾಲೆ ಬಾಯಿ ತಗೀತಾಳ. ಅಲ್ಲೀತನ ನೀರೂ ಮುಟ್ಟಂಗಿಲ್ಲ. ನೀವು ಬರದ ಕಾಗದ ಬಂತಲ್ರೀ, ಅವತ್ತ ತಗದ ಇಟ್ರು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳುತ್ತಾರೆ. ನನಗೆ ಬೇಕಾಗಿತ್ತು. ನಾನು ಹುಟ್ಟಿದ್ದು ಅಂಥದೇ ಲಿಂಗ ಕಟ್ಟುವ ಮನೆಯಲ್ಲಿ. ನಮ್ಮ ಆಯಿ, ಅಪ್ಪನ ತಾಯಿ, ಬೆಳಿಗ್ಗೆ ಹೀಗೇ ಕೂಡುತ್ತಿದ್ದಳು. ಇದೇ ಮೊಳಕೈ ಪಕ್ಕೆಗೆ, ಇದೇ ಅಂಗೈ ಎದೆಯ ಮಟ್ಟಕ್ಕೆ, ಇದೇ ನೋಟ ಅಂಗೈಯ ಮೇಲೆ. ನಾನು ಚಹಾಕ್ಕೆಂದು ಅತ್ತರೆ, ಬಲಗೈ ಬೆರಳೆತ್ತಿ ತಡಿ ಅನ್ನುವಳು. ಜ್ವರ ಬಂದು ಸುಡುತ್ತಿದ್ದ ದಿನವೂ ಪೂಜೆಯಾಗದೆ ಗುಳಿಗೆ ನುಂಗಲಿಲ್ಲ. ಅಪ್ಪ ಬೈದರೂ ನುಂಗಲಿಲ್ಲ. ಇದೆಲ್ಲ ನಾನು ನೋಡಿ ಬೆಳೆದದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಅಷ್ಟಿದ್ದೂ ಆ ಕೈಯ ಮುಂದೆಯೇ ಕೂತು "ಬೇಡುತ್ತಾರೆ" ಎಂದು ಬರೆದೆ. ನಮ್ಮ ಕಡೆ ಭಿಕ್ಷುಕ ಕೂಡ ಎಡಗೈ ಚಾಚುವುದಿಲ್ಲ! ಆ ಅಂಗೈ ಮೇಲೆ ನಾನು ಎಂಜಲು ಮಾಡುವ ಅನ್ನ ಇಟ್ಟೆ. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ಮೊದಲು ಬಂದದ್ದು ಸಿಟ್ಟು, ಅದೂ ಆಕೆಯ ಮೇಲೆ. ನನ್ನ ಸ್ವಭಾವ ಅಂಥದು. "ಗೊತ್ತಿದ್ದೂ ಯಾಕ ಹೇಳಲಿಲ್ಲ ನನಗ? ಒಂದ ಮಾತ ಹೇಳಾಕ ಏನಾಗಿತ್ತು?" ಎಂದು ಕಿರುಚಿದೆ.

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿಮಗ ನಾ ಹೇಳ್ಲ್ಯಾ? ನೀವು ಅದರಾಗ ಹುಟ್ಟಿದವ್ರು. ನಾ ಬೀರಪ್ಪನ ಒಕ್ಕಲು, ಕುರಿ ಕಾಯೋ ಮಂದಿ. ನಿಮ್ಮ ದೇವರ ಸುದ್ದಿ ನಿಮಗ ಹೇಳಾಕ ನಾ ಯಾರ್ರೀ? ನೀವ ಬರದೀರಿ ಅಂದ ಮ್ಯಾಲೆ, ಹಿಂಗ ತಲಿ ಕೆಟ್ಟವ್ರಿಗೆ ತಗೀಬೇಕಂತ ನಿಮ್ಮಾಗ ಪದ್ಧತಿ ಇರಬೇಕ ಅಂದ್ಕೊಂಡೆ. ಆಶ್ರಮದ ಮೇಡಮ್ಮಾರಿಗೆ ಒಂದ ಸರ್ತಿ ಅಂದೆ. ಅವ್ರೂ ಹಂಗ ಅಂದ್ರು, ಅಕ್ಕೋರಿಗೆ ಗೊತ್ತಿರದಿದ್ರ ಯಾರಿಗೆ ಗೊತ್ತಿರತೈತಿ ಅಂತ."

ನಾನು ಅನ್ಯಳಾಗಿದ್ದರೆ, ದೂರದ ಊರಿಂದ ಬಂದ ಯಾರೋ ಆಗಿದ್ದರೆ, ಆಕೆ ಮೊದಲ ದಿನವೇ ಹೇಳುತ್ತಿದ್ದಳು. ನನ್ನ ಮನೆತನ ಗೊತ್ತಿದ್ದದ್ದರಿಂದ, ನನ್ನ ಮರ್ಯಾದೆ ಕಾಯಲು, ಸುಮ್ಮನಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿದೆ ಎಂದುಕೊಂಡದ್ದರ ನಡುವೆ ಒಂದು ಮುದಿ ಜೀವ ಆರು ದಿನ ಉಪವಾಸ ಬಿದ್ದಿತ್ತು.

ಮೇಲ್ವಿಚಾರಕಿ ಕಪಾಟು ತೆಗೆದರು. ಸಾಲಾಗಿ ಲಕೋಟೆಗಳು, ಒಂದೊಂದರ ಮೇಲೂ ಹೆಸರು. ನನ್ನ ಪಟ್ಟಿಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು, ಪಾಪ. ಒಂದರಲ್ಲಿ ತಾಯತ, ಒಂದರಲ್ಲಿ ಬೀರಪ್ಪನ ಕಂಕಣ, ಎರಡರಲ್ಲಿ ತಾಳಿ. ತಾಳಿಯನ್ನೂ ತೆಗೆಸಿದ್ದೆನೇ! ಗಂಡ ಬದುಕಿರುವ ಆ ಇಬ್ಬರು ತಾಯಂದಿರು ಕಳೆದ ವಾರವೆಲ್ಲ ಯಾಕೆ ಅತ್ತರು ಎಂಬುದಕ್ಕೂ ನನ್ನ ಹಾಳೆಯಲ್ಲಿ ಒಂದು ಅಂಕ ಬಿದ್ದಿತ್ತು. ಅಜ್ಜಿಯ ಲಕೋಟೆ ಎಲ್ಲಕ್ಕಿಂತ ಉಬ್ಬಿತ್ತು. ಲಿಂಗ ಇಡುವ ಬೆಳ್ಳಿಯ ಕರಡಿಗೆ ಇರಲಿಲ್ಲ. ಹಳೆಯ ಬಿಳಿ ಬಟ್ಟೆಯಲ್ಲಿ ಬಿಗಿದ ಒಂದು ಗಂಟು, ಅದಕ್ಕೊಂದು ದಾರ. ಹೊರಗಿನಿಂದ ನೋಡಿದರೆ ಮುದುಕಿಯೊಬ್ಬಳು ಚಿಲ್ಲರೆ ಕಟ್ಟಿಕೊಂಡ ಗಂಟು ಅನ್ನಬೇಕು.

ಯಾರು ಮುಟ್ಟಬೇಕು? ಗುಡೂರಿನಾಕೆ ಎರಡು ಹೆಜ್ಜೆ ಹಿಂದೆ ಸರಿದಳು. ನನಗೂ ಕೈ ಮುಂದೆ ಬರಲಿಲ್ಲ. ಮಗಳಿಗೆ ಫೋನು ಹಚ್ಚಿದೆ. ಹುನಗುಂದದ ಸಾಲಿಯಲ್ಲಿ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಇದ್ದದ್ದು ಇದ್ದಂತೆ ಹೇಳಿದೆ: ಪಟ್ಟಿ ಬರೆದವಳು ನಾನು, ತೆಗೆಸಿದವಳು ನಾನು, ಅದಕ್ಕೇ ನಿಮ್ಮ ತಾಯಿ ಉಣ್ಣುತ್ತಿಲ್ಲ.

ಬೈಯಲಿ ಎಂದು ಕಾಯುತ್ತಿದ್ದೆ. ಬೈಯಬೇಕಾಗಿತ್ತು.

"ಐತವಾರ ಬಂದಿದ್ದೆನಲ್ರೀ," ಅಂದಳು. "ಅವ್ವ ನನ್ನ ಮುಂದೂ ಕೈ ಹಿಡಿದ್ಲು. ನಾ ಬಾಳಿಹಣ್ಣ ಸುಲದ ಇಟ್ಟೇನ್ರಿ ಆ ಕೈಯಾಗ. ಒಗದ್ಲು. ಮತ್ತೊಂದ ಸುಲದ ಇಟ್ಟೆ."

ಬರ್ತೇನಿ ಎಂದು ಫೋನು ಇಟ್ಟಳು.

ಹುನಗುಂದದಿಂದ ಅಮೀನಗಡದ ಮೇಲೆ ಬಸ್ಸು ಬದಲಿಸುತ್ತಾ ಬರುವಷ್ಟರಲ್ಲಿ ಹನ್ನೆರಡೂವರೆ. ಅಷ್ಟರಲ್ಲಿ ನಾನು ವೈದ್ಯರಿಗೆ ಫೋನು ಮಾಡಿ ನಳಿಗೆ ನಿಲ್ಲಿಸಿ ಎಂದೆ. ಯಾಕೆಂದು ಕೇಳಿದರು. ಹೇಳಿದೆ. ಅವರೂ ನಮ್ಮ ಜಿಲ್ಲೆಯವರೇ. "ಅಯ್ಯ, ಎಡಗೈ ಅಂತ ನೀವು ಬರದಿದ್ರಲ್ರೀ, ನಾನೂ ಓದಿದೆ" ಎಂದು, ನಳಿಗೆ ಬೇಡವೆಂದು ಹೇಳಿದರು. ಗೋಡೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತೆ. ಅಂಟು ಚೆನ್ನಾಗಿತ್ತು, ಗೋಡೆಯ ಸುಣ್ಣ ಸಮೇತ ಬಂತು.

ಮಗಳು ಬಂದವಳೇ ನನ್ನ ಕಡೆ ನೋಡದೆ ಒಳಗೆ ಹೋದಳು. ತಾನು ಮುಖ ಕೈಕಾಲು ತೊಳೆದು, ತಾಯಿಗೆ ಇನ್ನೊಮ್ಮೆ ಮೈ ತೊಳೆಸಿದಳು. ಹಣೆಗೆ ವಿಭೂತಿ ಹಚ್ಚಿದಳು. ಗಂಟು ಬಿಚ್ಚಿ, ತಾಯಿಯ ಮುಂದೆ ಮಂಡಿಯೂರಿ ಕೂತಳು. ಗುಡೂರಿನಾಕೆ ತಂಬಿಗೆಯಲ್ಲಿ ನೀರು ಹಿಡಿದು ನಿಂತಳು. ನಾನು ಬಾಗಿಲಲ್ಲಿ. ನನಗೆ ಒಂದೇ ಭಯ: ಮರೆತಿದ್ದರೆ? ಆರು ದಿನ ತಪ್ಪಿ, ಇದರ ಗುರುತೂ ಹೋಗಿದ್ದರೆ? ಮಗಳ ಗುರುತೇ ಒಮ್ಮೊಮ್ಮೆ ಹತ್ತದ ತಲೆ ಅದು. ಎಸೆದುಬಿಟ್ಟರೆ ನಾವು ಎಲ್ಲರೂ ಏನು ಮಾಡಬೇಕು?

ಎಡಗೈ ಎದ್ದೇ ಇತ್ತು. ಮಗಳು ಅದರಲ್ಲಿ ಇಟ್ಟಳು.

ಬೆರಳುಗಳು ಮುಚ್ಚಿಕೊಂಡವು. ಅಜ್ಜಿ ಕಣ್ಣಿಗೆ ಒತ್ತಿಕೊಂಡಳು. ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. ಬಾಯಿಂದ ಸಣ್ಣ ಸದ್ದೊಂದು ಬಂತು. ಕೂಸು ನಿದ್ದೆಯಲ್ಲಿ ಬಿಕ್ಕುವ ಹಾಗೆ. ಆಮೇಲೆ ಮೊಳಕೈ ಪಕ್ಕೆಗೆ ಒತ್ತಿ, ಬೆರಳು ಬಿಡಿಸಿ, ಬಲಗೈ ಚಾಚಿದಳು. ಗುಡೂರಿನಾಕೆ ನೀರು ಹಾಕಿದಳು. ಯಾವುದೂ ತಪ್ಪಲಿಲ್ಲ. ನೀರು, ವಿಭೂತಿ, ಒಂದು ಪತ್ರಿ, ಮತ್ತೆ ನೀರು. ಇದು ಯಾವ ಊರು ಎಂದು ಕೇಳಿದರೆ ಹೇಳಲಾಗದ ಆ ಹೆಂಗಸಿನ ಕೈ ಒಂದಾದ ಮೇಲೆ ಒಂದರಂತೆ ಎಲ್ಲವನ್ನೂ ಮಾಡಿತು. ನನ್ನ ನಮೂನೆಯಲ್ಲಿ ಇದಕ್ಕೆ ಒಂದು ಪ್ರಶ್ನೆಯೂ ಇರಲಿಲ್ಲ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು.

ಪೂಜೆ ಮುಗಿದು, ಗಂಟು ಎದೆಯ ಮೇಲೆ ಕೂತ ಮೇಲೆ, ಅಜ್ಜಿ ತಾನಾಗಿಯೇ ಬಾಯಿ ತೆರೆದಳು. ಗುಡೂರಿನಾಕೆ ನುಚ್ಚಿನ ತಾಟನ್ನು ನನ್ನ ಕೈಗೆ ಕೊಟ್ಟಳು. ಬೇಡ ಅಂದೆ. "ತಗೋರಿ, ನೀವ ಉಣಸ್ರಿ," ಅಂದಳು. ಆಕೆಗೆ ನನ್ನ ಮೇಲೆ ಕರುಣೆ ಬಂದಿತ್ತು ಎಂದು ಕಾಣುತ್ತದೆ. ಅಜ್ಜಿಯ ಎದುರು ನೆಲದ ಮೇಲೆ ಕೂತು ಸಣ್ಣ ಸಣ್ಣ ತುತ್ತು ಕೊಟ್ಟೆ. ಆರು ದಿನದ ಹೊಟ್ಟೆ, ನಿಧಾನಕ್ಕೆ ನುಂಗಿದಳು. ನಾಲ್ಕು, ಐದು, ಆರು. ಬೆಳಿಗ್ಗೆ ಇಂಥದೇ ತುತ್ತನ್ನು ನನ್ನ ಮುಖಕ್ಕೆ ಎಸೆದದ್ದು ಅಜ್ಜಿಗೆ ನೆನಪಿರಲಿಲ್ಲ.

ಏಳನೆಯ ತುತ್ತಿಗೆ ಬಾಯಿ ಮುಚ್ಚಿದಳು. ಸಾಕಾಯಿತೇನೋ ಎಂದುಕೊಂಡೆ. ಅಜ್ಜಿ ನನ್ನ ಕೊರಳನ್ನು ನೋಡುತ್ತಿದ್ದಳು. ನಾನು ಬಗ್ಗಿ ಕೂತಿದ್ದೆ, ಸೆರಗು ಸರಿದಿತ್ತು. ಬಲಗೈ ಚಾಚಿ, ಒದ್ದೆ ಬೆರಳುಗಳಿಂದ ನನ್ನ ಕೊರಳ ಸುತ್ತ ತಡವಿದಳು. ಎದೆಯ ಮೇಲೆ ಗಂಟು ಇರಬೇಕಾದ ಜಾಗಕ್ಕೆ ಬಂದು ಬೆರಳು ನಿಂತವು. ನಾಲ್ಕು ತಿಂಗಳಲ್ಲಿ ಆಕೆ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

"ನಿಂದೂ ತಗದ್ರೇನ ತಂಗಿ?" ಅಂದಳು.

ನನ್ನದನ್ನು ಯಾರೂ ತೆಗೆದಿರಲಿಲ್ಲ. ನರ್ಸಿಂಗ್ ಓದಲು ಹಾಸ್ಟೆಲಿಗೆ ಹೋದ ವರ್ಷ, ಬಿಳಿ ಸಮವಸ್ತ್ರದ ಮೇಲೆ ಗಂಟು ಉಬ್ಬಿ ಕಾಣುತ್ತದೆ ಎಂದು, ನಾನೇ ತೆಗೆದು ಟ್ರಂಕಿನಲ್ಲಿ ಇಟ್ಟದ್ದು. ಈಗ ಅದು ಯಾವ ಕಪಾಟಿನಲ್ಲಿದೆ ಎಂದು ಕೂಡ ಖಚಿತವಿಲ್ಲ. ಅಂದಿನಿಂದ ಇಂದಿನವರೆಗೆ ಮೂರು ಹೊತ್ತೂ ಉಂಡಿದ್ದೇನೆ.

ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು. "ಹಂಗಾರ ನೀನೂ ಉಂಡಿಲ್ಲ," ಅಂದಳು. "ಎಷ್ಟ ದಿನಾ ಆತು?"

ಆಕೆಗೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಉಂಡೇನಿ ಆಯಿ," ಅಂದೆ. "ಮುಂಜಾನೆ ಉಂಡ ಬಂದೇನಿ."

ಆಕೆ ನಂಬಲಿಲ್ಲ. ಹಸಿದುಕೊಂಡೇ ಹಸಿವಿಲ್ಲ ಅನ್ನುವ ಮಗಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ನನ್ನ ಗದ್ದ ಹಿಡಿದು ಮೇಲೆತ್ತಿದಳು.

"ಖರೆ ಹೇಳು," ಅಂದಳು.